ಉತಾರಕ್ಕೆ ಹೆಸರು ಬರುವ ದಾರಿ



ಇಂಡಿ ತಾಲ್ಲೂಕಿನ ರೈತರೊಬ್ಬರು ಎರಡು ಎಕರೆ ಲಿಂಬೆ ತೋಟ ಖರೀದಿ ಮಾಡಿದರು ಅಂತ ಇಟ್ಟುಕೊಳ್ಳೋಣ. ನೋಂದಣಿ ಆಯಿತು, ಮನೆಯಲ್ಲಿ ಹೋಳಿಗೆಯೂ ಆಯಿತು. ಮುಂದೆ ಬೆಳೆಸಾಲಕ್ಕೆ ಬ್ಯಾಂಕಿಗೆ ಹೋದರೆ, ಅಲ್ಲಿ ಉತಾರ ಕೇಳುತ್ತಾರೆ. ಉತಾರದಲ್ಲಿ ಇನ್ನೂ ಹಳೆಯ ಮಾಲೀಕರ ಹೆಸರೇ ಇದೆ!

ಖರೀದಿ ಪತ್ರಕ್ಕೂ ಉತಾರಕ್ಕೂ ನಡುವೆ ಒಂದು ದೊಡ್ಡ ಪಯಣವಿದೆ. ನೋಂದಣಿ ಕಚೇರಿಯ ತಂತ್ರಾಂಶ ‘ಕಾವೇರಿ’. ನಾವು ಉತಾರ ಎನ್ನುವ ಪಹಣಿಯದು ‘ಭೂಮಿ’. 2002ರ ಹೊತ್ತಿಗೆ ರಾಜ್ಯದ ತಾಲ್ಲೂಕುಗಳನ್ನೆಲ್ಲ ಮುಟ್ಟಿ, ಸುಮಾರು 2 ಕೋಟಿ ಪಹಣಿಗಳನ್ನು ತಲಾಠಿಗಳ ದಫ್ತರದಿಂದ ಕಂಪ್ಯೂಟರಿಗೆ ತಂದದ್ದು ಇದೇ. ಹೊಲದ ಒಂದು ತುಂಡನ್ನಷ್ಟೇ ಮಾರುವುದಾದರೆ ಬೇಕಾಗುವ 11ಇ ನಕ್ಷೆ ಸರ್ವೆ ಇಲಾಖೆಯ ‘ಮೋಜಿಣಿ’ಯಿಂದ ಬರಬೇಕು. ಮೂರು ಇಲಾಖೆಯ ಕೆಲಸಕ್ಕೆ ಮೂರು ತಂತ್ರಾಂಶ. ಅವು ಒಂದಕ್ಕೊಂದು ಸಂದೇಶ ಕಳಿಸಿ ಮಾತಾಡುತ್ತವೆ. ಖರೀದಿ ನೋಂದಣಿಯಾದಾಗ ಕಾವೇರಿಯಿಂದ ಭೂಮಿಗೆ ಹೋಗುವ ಸಂದೇಶದ ಹೆಸರು ‘ಜೆ ಸ್ಲಿಪ್’. ಆಮೇಲೆ ನೋಟಿಸು, ಆಕ್ಷೇಪಣೆಯ ಅವಧಿ, ಹೆಸರು ಬದಲಿಸುವ ಮ್ಯುಟೇಶನ್, ಕೊನೆಗೆ ಉತಾರ.

ಈ ಸಂದೇಶ ಟಪಾಲು ಇದ್ದ ಹಾಗೆ. ಡಬ್ಬಿಗೆ ಹಾಕಿದವರು ತಮ್ಮ ಕೆಲಸಕ್ಕೆ ಹೊರಟುಬಿಡುತ್ತಾರೆ. ಒಂದು ಕಚೇರಿಯ ಯಂತ್ರ ನಿಂತಿದ್ದರೂ ಇನ್ನೊಂದು ನಡೆಯುತ್ತದೆ, ಅದೇ ಇದರ ಅನುಕೂಲ. ಆದರೆ ಅಪಾಯವೂ ಅಲ್ಲೇ ಕೂತಿದೆ. ಕಳಿಸಿದೆ ಎನ್ನುತ್ತದೆ ಒಂದು, ನನಗೇನೂ ಬಂದಿಲ್ಲ ಎನ್ನುತ್ತದೆ ಇನ್ನೊಂದು. ಎರಡೂ ಹೇಳುವುದು ನಿಜ. ಯಂತ್ರ ಕೆಟ್ಟರೆ ಸಾಲಿನಲ್ಲಿ ನಿಂತವರೇ ಗದ್ದಲ ಮಾಡುತ್ತಾರೆ. ನಡುದಾರಿಯಲ್ಲಿ ಉಳಿದ ಸಂದೇಶ ಮಾತ್ರ ಸದ್ದೇ ಮಾಡುವುದಿಲ್ಲ. ಅದು ಗೊತ್ತಾಗುವುದು, ರೈತರು ಸಿಂದಗಿಗೋ ಮುದ್ದೇಬಿಹಾಳಕ್ಕೋ ಬಸ್ಸು ಹತ್ತಿ, ದಿನದ ಕೆಲಸ ಬಿಟ್ಟು ಬಂದು ಕಿಟಕಿಯ ಮುಂದೆ ನಿಂತಾಗ.

ಆದ್ದರಿಂದ ಯಂತ್ರಗಳನ್ನು ಕಾಯ್ದರೆ ಸಾಲದು, ಕೆಲಸದ ಹರಿವನ್ನೇ ಕಾಯಬೇಕು. ಬ್ಯಾಂಕು, ರೈಲ್ವೆ, ದೊಡ್ಡ ಕಾರ್ಖಾನೆಗಳ ತಂತ್ರಜ್ಞರು ಮಾಡುವುದು ಇದನ್ನೇ. ಪ್ರತಿ ವ್ಯವಹಾರಕ್ಕೂ ಒಂದು ಸಂಖ್ಯೆ ಕೊಟ್ಟು, ಅದು ಎಲ್ಲ ತಂತ್ರಾಂಶಗಳಲ್ಲೂ ಜೊತೆಗೇ ಸಾಗುವಂತೆ ಮಾಡುತ್ತಾರೆ. ಇಷ್ಟು ಹೊತ್ತಿನೊಳಗೆ ಮುಂದಿನ ಹೆಜ್ಜೆ ಬರಲೇಬೇಕು ಎಂದು ಗಡಿಯಾರ ಇಡುತ್ತಾರೆ. ಬಾರದೆ ಹೋದರೆ ಕೂಡಲೇ ಎಚ್ಚರಿಕೆ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಸಂಜೆಯ ತಾಳೆ: ಬಸವನ ಬಾಗೇವಾಡಿಯಲ್ಲಿ ಇವತ್ತು ಎಷ್ಟು ಹೊಲ ನೋಂದಣಿಯಾದವು, ಅಷ್ಟೇ ಸಂದೇಶ ಆ ಕಡೆ ತಲುಪಿದವೇ? ಒಂದು ಕಡಿಮೆ ಬಂದರೂ ಹುಡುಕಬೇಕು. ಒಂದೇ ಸಂದೇಶ ಎರಡು ಸಲ ಬಂದಿದ್ದರೂ ಹುಡುಕಬೇಕು.

ನಮ್ಮಲ್ಲಿ ಇದಕ್ಕೆ ಬುನಾದಿ ಆಗಲೇ ಬಿದ್ದಿದೆ. 2011ರ ಕಾಯ್ದೆಯ ಮೇಲೆ 2012ರಲ್ಲಿ ಬಂದ ‘ಸಕಾಲ’ ಪ್ರತಿ ಅರ್ಜಿಗೂ 15 ಅಂಕಿಯ ಸಂಖ್ಯೆ ಕೊಟ್ಟಿತು, ದಿನಗಳ ಗಡುವು ಕೊಟ್ಟಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವನ್ನೂ ಇಟ್ಟಿತು. ಆದರೆ ಆ ಸಂಖ್ಯೆ ಒಂದು ಅರ್ಜಿಯದು, ಹೊಲದ ಪೂರ್ತಿ ಪಯಣದ್ದಲ್ಲ. ನಕ್ಷೆಯಿಂದ ಉತಾರದವರೆಗೆ ಒಂದೇ ಸಂಖ್ಯೆ ನಡೆಯಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ಹೊತ್ತಿಗೆ ಆ ಪಯಣದ ತುಂಡುಗಳನ್ನು ಗಂಟು ಹಾಕುತ್ತಿರುವವರು ರೈತರೇ.

ಹೊಲ ಕೊಂಡವರಲ್ಲಿ ಒಂದು ವಿನಂತಿ. ನೋಂದಣಿಯ ಕಾಗದ, ಸಕಾಲ ಸಂಖ್ಯೆಯ ಚೀಟಿ ಎರಡನ್ನೂ ಜೋಪಾನವಾಗಿಡಿ. ಗಡುವು ಮುಗಿದ ಮರುದಿನವೇ ಹೊಸ ಉತಾರ ತೆಗೆಸಿ, ನಿಮ್ಮ ಹೆಸರು ಬಂದಿದೆಯೇ ನೋಡಿಕೊಳ್ಳಿ.