ಎಡನೀರಿನ ಅರ್ಜಿ

ಹತ್ತು ಜನರ ಹಿತಕ್ಕೆಂದು ಸರಕಾರ ಮಾಡುವ ಕಾನೂನಿಗೆ ಒಬ್ಬನೇ ಹೇಗೆ ತಕರಾರು ತೆಗೆಯಬಹುದು? ಇವತ್ತಿನ ವಿಷಯ ಇದು. ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಚೆರ್ಕಳ ದಾಟಿದರೆ ಎಡನೀರು. 1956ರವರೆಗೆ ಅದೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೇ.

ಅಲ್ಲಿಯ ಮಠದ ಕೇಶವಾನಂದ ಭಾರತಿ ಸ್ವಾಮೀಜಿ 1970ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕೇರಳದ ಭೂಸುಧಾರಣೆ ಕಾಯ್ದೆಯಿಂದ ಮಠದ ಭೂಮಿ ಕೈತಪ್ಪುವುದರಲ್ಲಿತ್ತು. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಭಾಗವತಿಕೆ ಬಲ್ಲವರು, ಯಕ್ಷಗಾನದ ಮೇಳ ನಡೆಸಿದವರು. ಅವರು ಹಿಡಿದದ್ದು ಅರ್ಜಿಯ ದಾರಿ. ಸಂವಿಧಾನದ 32ನೇ ವಿಧಿಯಡಿ ಸಲ್ಲಿಸಿದ ಆ ಅರ್ಜಿಯ ಸಂಖ್ಯೆ 135.

ಅದು ಪೂರ್ಣ ಪೀಠದ ಎದುರು ಬರುವ ಹೊತ್ತಿಗೆ ಸಂಸತ್ತು 24, 25, 29ನೇ ತಿದ್ದುಪಡಿಗಳನ್ನು ತಂದಾಗಿತ್ತು. 29ನೆಯದಂತೂ ಕೇರಳದ ಕಾಯ್ದೆಯನ್ನೇ ಕೋರ್ಟಿನ ಕೈಗೆ ಸಿಗದಂತೆ 9ನೇ ಅನುಸೂಚಿಯೊಳಗೆ ಇಟ್ಟುಬಿಟ್ಟಿತು. ಹಾಗಾಗಿ ಮಠದ ಭೂಮಿಯ ಪ್ರಶ್ನೆ ಬೆಳೆದು, ಸಂಸತ್ತು ಸಂವಿಧಾನವನ್ನು ಮನಬಂದಂತೆ ತಿದ್ದಬಹುದೇ ಎಂಬಲ್ಲಿಗೆ ಮುಟ್ಟಿತು. ಸ್ವಾಮೀಜಿಯ ಪರ ವಾದಿಸಿದವರು ವಕೀಲ ನಾನಿ ಪಾಲ್ಖೀವಾಲಾ. ಕೇಳಿದವರು 13 ನ್ಯಾಯಮೂರ್ತಿಗಳು, ನಡೆದದ್ದು 68 ದಿನ. 1973ರ ಏಪ್ರಿಲ್ 24ರಂದು ತೀರ್ಪು ಬಂತು: ತಿದ್ದಬಹುದು, ಆದರೆ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಬಹುಮತ 7ಕ್ಕೆ 6. ಒಬ್ಬರು ಆಚೆ ವಾಲಿದ್ದರೆ ಕಥೆಯೇ ಬೇರೆ.

ಭೂಮಿಯ ಮಟ್ಟಿಗೆ ಮಠ ಸೋತಿತು; 29ನೇ ತಿದ್ದುಪಡಿ ಉಳಿಯಿತು. ಆ ಸೋಲು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಮಠದ ಭಕ್ತರು ಇಲ್ಲಿದ್ದರೆ ಕ್ಷಮಿಸಬೇಕು. ಅಂಥ ಕಾನೂನು ಒಕ್ಕಲಿಗೆ ಎಷ್ಟು ಬೇಕಿತ್ತೆಂದು ನಾವೇ ಕಂಡಿದ್ದೇವೆ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ನಮ್ಮಲ್ಲಿ ಭೂಸುಧಾರಣೆ ಬಿಗಿಯಾದಾಗ ಗೇಣಿ ಒಕ್ಕಲು 7ನೇ ನಮೂನೆ ತುಂಬಿಸಿ ಭೂನ್ಯಾಯ ಮಂಡಳಿಯ ಎದುರು ನಿಂತ. ‘ಇದು ಡಿಕ್ಲರೇಶನ್‌ನಲ್ಲಿ ಆದ ಜಾಗ’ ಎಂದು ಈಗಲೂ ಹೇಳುತ್ತೇವಲ್ಲ, ಅದೇ. ವರ್ಷವರ್ಷವೂ ಧಣಿಯ ಅಂಗಳದಲ್ಲಿ ಗೇಣಿ ಅಳೆದು ಕೊಟ್ಟವನು ಅದೇ ಧಣಿಯ ವಿರುದ್ಧ ಹೆಬ್ಬೆಟ್ಟು ಒತ್ತುವುದಕ್ಕೆ ಎಷ್ಟು ಧೈರ್ಯ ಬೇಕು! ಸರಕಾರವನ್ನು ಎದುರಿಸಿದವನಷ್ಟೇ ಧೀರನಲ್ಲ. ಸರಕಾರದ ಕಾನೂನನ್ನು ನಂಬಿ ಊರಿನ ದೊಡ್ಡವರನ್ನು ಎದುರಿಸಿದವನೂ ಒಂಟಿಯಾಗಿಯೇ ನಿಂತಿದ್ದ.

ಶಿವರಾಮ ಕಾರಂತರ ದಾರಿ ಬೇರೆ. ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣ ಮರಳಿಸಿದರು. ಕೈಗಾ ಅಣುಸ್ಥಾವರ ಬೇಡವೆಂದು 1989ರಲ್ಲಿ ಲೋಕಸಭೆಗೆ ನಿಂತು ಸೋತರು. ಸ್ಥಾವರ ಬಂದೇ ಬಂತು. ಅದು ಹೆಸರಿದ್ದವರ ದಾರಿ. ಮರಳಿಸಲು ನಮ್ಮ ಕೈಯಲ್ಲಿ ಪ್ರಶಸ್ತಿಯಾದರೂ ಎಲ್ಲಿದೆ?

ನಮ್ಮ ಪಾಲಿಗಿರುವುದು ಅರ್ಜಿ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗೆ ಹೆದ್ದಾರಿ ಅಗಲವಾಗುವಾಗ ಜಾಗ ಬಿಟ್ಟುಕೊಟ್ಟವರು ಈ ಕುಲಶೇಖರದಲ್ಲೂ ಇದ್ದೀರಿ. ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಅಧಿಸೂಚನೆ ಪ್ರಕಟವಾದ ಮೇಲೆ ಆಕ್ಷೇಪಣೆಗೆ ಸಿಗುವುದು 21 ದಿನ ಮಾತ್ರ. ಬರೆದು ಕೊಟ್ಟವನ, ಇಲ್ಲವೇ ಅವನ ವಕೀಲರ, ಮಾತನ್ನು ಅಧಿಕಾರಿ ಕೇಳಲೇಬೇಕು. ಪರಿಹಾರ ಕಡಿಮೆಯಾಯಿತೆಂದರೆ ಮಧ್ಯಸ್ಥಗಾರರ ಬಳಿ ಹೋಗಬಹುದು. ಅಧಿಸೂಚನೆಯ ಸಾರಾಂಶ ಪೇಪರಿನಲ್ಲೂ ಬರುತ್ತದೆ, ಸಣ್ಣ ಅಕ್ಷರದಲ್ಲಿ. ಮುಂದಿನ ಸಲ ಆ ಪುಟ ಮಗುಚುವ ಮೊದಲು ನಿಮ್ಮ ಸರ್ವೆ ನಂಬ್ರ ಇದೆಯೇ ನೋಡಿ. ಇದ್ದರೆ ನಿಮ್ಮದೇ ಹೆಸರಿನಲ್ಲಿ ಬರೆದು ಕೊಡಿ, ಸೀಲು ಹಾಕಿದ ಪ್ರತಿ ಕೇಳಿ ಪಡೆಯಿರಿ.