ಮಂಜೂರಾತಿಯ ಕಾಗದ ಬರುವವರೆಗೆ



ಇಂದಿನ ಉಪನ್ಯಾಸದ ವಿಷಯವು ತಮಗೆ ಸಂಬಂಧಿಸಿದ್ದಲ್ಲವೆಂದು ನಿಮ್ಮಲ್ಲಿ ಅನೇಕರಿಗೆ ಮೊದಲ ನೋಟಕ್ಕೆ ತೋರಬಹುದು. ಬೊಜ್ಜು ಪಟ್ಟಣದವರ ಕಾಯಿಲೆ, ಕುಳಿತು ಉಣ್ಣುವವರ ಕಾಯಿಲೆ ಎಂಬ ಭಾವನೆ ನಮ್ಮ ಹಳ್ಳಿಗಳಿಂದ ಇನ್ನೂ ಹೋಗಿಲ್ಲ. ಆದರೆ ಉಳುಮೆ ಟ್ರ್ಯಾಕ್ಟರಿಗೆ ಹೋಯಿತು, ಬಾವಿಯ ನೀರು ನಲ್ಲಿಗೆ ಬಂದಿತು, ಸಂತೆಗೆ ನಡೆದು ಹೋಗುತ್ತಿದ್ದವರು ಬೈಕು ಏರಿದರು. ಊಟ ಮಾತ್ರ ಮೊದಲಿನಷ್ಟೇ ಉಳಿದು, ಅದರ ಜೊತೆಗೆ ಬೇಕರಿಯ ತಿನಿಸೂ ಸೇರಿಕೊಂಡಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಶೇಕಡ 24ರಷ್ಟು ಮಂದಿ ಇರಬೇಕಾದುದಕ್ಕಿಂತ ಹೆಚ್ಚು ತೂಕವುಳ್ಳವರು. ಇವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗಿಲ್ಲ. ಬಹುಪಾಲು ಜನರಿಗೆ ಆಹಾರ, ನಡಿಗೆ, ಔಷಧಿಗಳೇ ಸಾಕು. ಅವು ಸಾಲದೆ, ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸಿ, ವಿಮಾ ಸಂಸ್ಥೆಯ ಮಂಜೂರಾತಿಗಾಗಿ ಕಾದು ಕುಳಿತ ಕೆಲವು ಕುಟುಂಬಗಳನ್ನು ಕುರಿತು ಈ ಮಾತು.

ಹೀಗೊಂದು ಸಂಸಾರವನ್ನು ಊಹಿಸಿಕೊಳ್ಳಿ. ಗಂಡ ಊರಿನಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದಾನೆ. ಹೆಂಡತಿಗೆ ಮೂವತ್ತೆಂಟು ವರ್ಷ. ಎತ್ತರ 155 ಸೆಂಟಿಮೀಟರ್, ತೂಕ 90 ಕಿಲೋ. ಆರು ವರ್ಷಗಳಿಂದ ಸಕ್ಕರೆ ಕಾಯಿಲೆ. ಮಾತ್ರೆಯ ಮೇಲೆ ಮಾತ್ರೆ ಸೇರಿದರೂ ಹತೋಟಿಗೆ ಬಂದಿಲ್ಲ. ರಾತ್ರಿ ಗೊರಕೆ ಹೊಡೆಯುತ್ತಿರುವಾಗ ಉಸಿರು ತಟ್ಟನೆ ನಿಲ್ಲುತ್ತದೆ. ಗಂಡ ಗಾಬರಿಯಿಂದ ಎದ್ದು ಅಲುಗಾಡಿಸುತ್ತಾನೆ. ದೊಡ್ಡಾಸ್ಪತ್ರೆಯ ವೈದ್ಯರು ಪರೀಕ್ಷಿಸಿ, ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ಮಾಡಿಸುವುದು ಒಳಿತೆಂದರು. ನಾಲ್ಕು ವರ್ಷದ ಹಿಂದೆ ಮಾಡಿಸಿದ ಆರೋಗ್ಯ ವಿಮೆ ಇದೆ. ಕಾಗದಪತ್ರಗಳು ಹೋದವು. ‘ಇನ್ನಷ್ಟು ದಾಖಲೆ ಬೇಕು’ ಎಂಬ ಉತ್ತರ ಬಂದಿತು. ತಿಂಗಳು ಕಳೆಯಿತು. ‘ಬಿಡಿ ಇವರೇ, ಆಗುವಾಗ ಆಗಲಿ’ ಎಂದು ಆಕೆ ಮುಖ ತಿರುಗಿಸಿಕೊಂಡು, ಬಿಟ್ಟಿದ್ದ ಸಿಹಿಯನ್ನು ಮತ್ತೆ ತಿನ್ನತೊಡಗಿದಳು. ಗಂಡ ಗುಟ್ಟಾಗಿ ಎರಡು ಎಕರೆ ಜಮೀನು ಮಾರುವ ಮಾತು ತೆಗೆದನು.

ಈ ಎರಡೂ ಕೆಲಸಗಳು ಆಗಕೂಡದು. ಕಾಯುವ ದಿನಗಳು ಸುಮ್ಮನೆ ಕಳೆದುಹೋಗುವ ದಿನಗಳಲ್ಲ. ಅವು ಚಿಕಿತ್ಸೆಯ ಮೊದಲ ಭಾಗವೇ ಆಗಿವೆ. ಹಾಗೆಂದು ಹೇಳಲು ಕಾರಣವಿದೆ.

ಮೊದಲು ವಿಮೆಯವರು ಏನನ್ನು ಕೇಳುತ್ತಾರೆ ಎಂಬುದನ್ನು ತಿಳಿಯೋಣ. ಬಹುಕಾಲದವರೆಗೆ ಬೊಜ್ಜಿನ ಶಸ್ತ್ರಚಿಕಿತ್ಸೆಯನ್ನು ವಿಮಾ ಸಂಸ್ಥೆಗಳು ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ವಸ್ತುವೆಂದು ತಳ್ಳಿಹಾಕುತ್ತಿದ್ದವು. 2019ರಲ್ಲಿ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ಹೊರಡಿಸಿದ ಮಾರ್ಗಸೂಚಿಯು, ಈ ಶಸ್ತ್ರಚಿಕಿತ್ಸೆಯನ್ನು ವಿಮೆಯಿಂದ ಹೊರಗಿಡಬಾರದಾದ ಸಂದರ್ಭಗಳನ್ನು ಸ್ಪಷ್ಟಪಡಿಸಿತು. ರೋಗಿಗೆ 18 ವರ್ಷ ತುಂಬಿರಬೇಕು. ವೈದ್ಯರ ಸಲಹೆಯ ಮೇರೆಗೆ ನಡೆಯಬೇಕು. ವೈದ್ಯಕೀಯ ಕ್ರಮವು ಅದನ್ನು ಸಮರ್ಥಿಸಬೇಕು. ದೇಹ ತೂಕದ ಸೂಚ್ಯಂಕವು 40 ಅಥವಾ ಅದಕ್ಕೆ ಮೇಲ್ಪಟ್ಟಿರಬೇಕು. ಸೂಚ್ಯಂಕ 35 ಅಥವಾ ಅದಕ್ಕಿಂತ ಹೆಚ್ಚಿದ್ದು, ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ದೌರ್ಬಲ್ಯ, ಹೃದಯದ ರಕ್ತನಾಳದ ರೋಗ, ನಿದ್ರೆಯಲ್ಲಿ ಉಸಿರು ನಿಲ್ಲುವ ತೀವ್ರ ತೊಂದರೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇವುಗಳಲ್ಲಿ ಯಾವುದಾದರೂ ಜೊತೆಗಿದ್ದು, ಇತರ ಸುಲಭ ವಿಧಾನಗಳು ವಿಫಲವಾಗಿದ್ದರೂ ಆಗುತ್ತದೆ.

ಸೂಚ್ಯಂಕದ ಲೆಕ್ಕ ಸುಲಭ. ಎತ್ತರವನ್ನು ಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, ಬಂದ ಸಂಖ್ಯೆಯಿಂದ ತೂಕದ ಕಿಲೋವನ್ನು ಭಾಗಿಸಬೇಕು. ಮೇಲೆ ಹೇಳಿದ ಗೃಹಿಣಿಗೆ 1.55ನ್ನು 1.55ರಿಂದ ಗುಣಿಸಿದರೆ ಸುಮಾರು 2.4, 90ನ್ನು ಅದರಿಂದ ಭಾಗಿಸಿದರೆ 37.5. ಎಂದರೆ ಆಕೆಯ ತೂಕ ಒಂದೇ ಸಾಲದು. ಸಕ್ಕರೆ ಹತೋಟಿಯಲ್ಲಿಲ್ಲವೆಂಬುದಕ್ಕೂ, ಬೇರೆ ಪ್ರಯತ್ನ ಮಾಡಿ ಸೋತಿದ್ದಾಳೆಂಬುದಕ್ಕೂ ಪುರಾವೆ ಬೇಕು. ಇಂದಿನ ವೈದ್ಯಶಾಸ್ತ್ರವು ನಮ್ಮಂತಹ ಏಷ್ಯಾದ ಜನರಿಗೆ ಇದಕ್ಕಿಂತ ಕಡಿಮೆ ಸೂಚ್ಯಂಕದಲ್ಲಿಯೂ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದೆನ್ನುತ್ತದೆ. ವಿಮೆಯ ನಿಯಮ ಮಾತ್ರ ಅಲ್ಲಿಗೆ ಬಂದಿಲ್ಲ. ಆದ್ದರಿಂದ ‘ವೈದ್ಯರು ಬೇಕು ಎಂದರು, ವಿಮೆಯವರು ಬೇಡ ಎಂದರು, ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆ’ ಎಂದು ಭಾವಿಸಬೇಡಿ. ಇಬ್ಬರ ಅಳತೆಗೋಲೂ ಬೇರೆ ಬೇರೆ.

ಈಗ ಆ ಪುರಾವೆಯ ಮಾತು. ಹತ್ತು ವರ್ಷ ಪಥ್ಯ ಮಾಡಿದ್ದೇನೆಂದು ಬಾಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಒಂದು ನೂರು ಪುಟದ ನೋಟುಪುಸ್ತಕವನ್ನು ಕೊಂಡುಕೊಳ್ಳಿ. ವಾರಕ್ಕೊಮ್ಮೆ, ಒಂದೇ ದಿನ, ಬೆಳಗಿನ ಹೊತ್ತು, ನಿಮ್ಮ ಉಪಕೇಂದ್ರದಲ್ಲಿಯೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೋ ತೂಕ ನೋಡಿಸಿ, ದಿನಾಂಕ ಸಹಿತ ಬರೆಯಿಸಿ, ಅಲ್ಲಿಯ ಸಮುದಾಯ ಆರೋಗ್ಯ ಅಧಿಕಾರಿಯ ಸಹಿ ಹಾಕಿಸಿಕೊಳ್ಳಿ. ರಕ್ತದೊತ್ತಡ, ಸಕ್ಕರೆಯ ಅಂಕಿಗಳು, ಮೂರು ತಿಂಗಳ ಸರಾಸರಿಯನ್ನು ತೋರಿಸುವ ರಕ್ತಪರೀಕ್ಷೆ, ಮಾಡಿಸಿದ್ದರೆ ನಿದ್ರೆಯ ಪರೀಕ್ಷೆಯ ವರದಿ, ಔಷಧಿಯ ಚೀಟಿಗಳು ಎಲ್ಲವನ್ನೂ ಒಂದೇ ಕಡತದಲ್ಲಿಡಿ. ಹಳೆಯ ಚೀಟಿಯೆಂದು ಒಲೆಗೆ ಹಾಕಬೇಡಿ. ಐದು ವರ್ಷದ ಹಿಂದಿನ ಚೀಟಿಯೇ ಇಂದು ನಿಮ್ಮ ಸಾಕ್ಷಿ. ಪುಸ್ತಕ ಬರೆಯುವ ಕೆಲಸವನ್ನು ಗಂಡನು ವಹಿಸಿಕೊಳ್ಳಲಿ. ಗಿರಣಿಯ ಲೆಕ್ಕ ಬರೆಯುವ ಕೈಗೆ ಇದು ಭಾರವಲ್ಲ. ಹೆಂಡತಿಗೆ ತಾನು ಒಂಟಿಯಲ್ಲವೆಂಬ ಧೈರ್ಯವೂ ಬರುತ್ತದೆ.

ಅಡಿಗೆಮನೆಗೆ ಬರೋಣ. ಈ ಶಸ್ತ್ರಚಿಕಿತ್ಸೆಯ ಒಂದು ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನು ತೆಗೆದು, ಉಳಿದುದನ್ನು ಕೊಳವೆಯಂತೆ ಮಾಡುತ್ತಾರೆ. ಇನ್ನೊಂದರಲ್ಲಿ ಆಹಾರ ಸಾಗುವ ದಾರಿಯನ್ನೇ ಬದಲಿಸುತ್ತಾರೆ. ಯಾವುದಾದರೂ ಆಗಲಿ, ಆಮೇಲೆ ಸ್ವಲ್ಪ ಸ್ವಲ್ಪವೇ ಉಣ್ಣಬೇಕು, ಚೆನ್ನಾಗಿ ಅಗಿಯಬೇಕು, ಊಟದ ನಡುವೆ ನೀರು ಕುಡಿಯಬಾರದು, ಕಾಳು ಮೊಟ್ಟೆಗಳಂತಹ ಸಾರವತ್ತಾದ ಆಹಾರವನ್ನು ಮೊದಲು ತಿನ್ನಬೇಕು. ಇವೆಲ್ಲ ಒಂದೇ ದಿನದಲ್ಲಿ ಬರುವ ಅಭ್ಯಾಸಗಳಲ್ಲ. ಆಸ್ಪತ್ರೆಯಿಂದ ಬಂದಮೇಲೆ ನೋವಿನಲ್ಲಿ ಕಲಿಯುವುದಕ್ಕಿಂತ ಈಗಲೇ ಕಲಿಯುವುದು ಲೇಸು. ದೊಡ್ಡ ಮುದ್ದೆಯ ಬದಲು ನಿಂಬೆಹಣ್ಣಿಗಿಂತ ತುಸು ದೊಡ್ಡ ಮುದ್ದೆ. ಅದಕ್ಕೆ ಹುರುಳಿ ಸಾರಿನ ತಿಳಿಯಲ್ಲ, ಕಾಳೇ ಹೆಚ್ಚು. ಪಕ್ಕದಲ್ಲಿ ಸೊಪ್ಪಿನ ಪಲ್ಯ. ಬೆಣ್ಣೆ ತೆಗೆದ ಮಜ್ಜಿಗೆ.

ಚಹಾದ ಲೆಕ್ಕ ಒಂದಿದೆ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ ಐದು ಗ್ರಾಮೆಂದರೂ ದಿನಕ್ಕೆ 50 ಗ್ರಾಮ್, ತಿಂಗಳಿಗೆ ಒಂದೂವರೆ ಕಿಲೋ. ತಿಂಗಳ ಸಾಮಾನಿನ ಚೀಟಿಯಲ್ಲಿ ಇದನ್ನು ಕಂಡಾಗ ಎಂತಹ ಗೃಹಿಣಿಗೂ ಆಶ್ಚರ್ಯವಾಗುತ್ತದೆ. ಬೆಲ್ಲ ಹಾಕಿದರೆ ದೋಷವಿಲ್ಲವೆಂಬ ಮಾತನ್ನು ನಂಬಬೇಡಿ.

ಮನೆಯಲ್ಲಿ ಒಬ್ಬರಿಗೆ ಪಥ್ಯ, ಉಳಿದವರಿಗೆ ಬಜ್ಜಿ ಎಂದರೆ ನಡೆಯುವುದಿಲ್ಲ. ಹೆಂಡತಿಯೇ ಒಲೆಯ ಮುಂದೆ ನಿಂತು ಕರಿದು, ಬಡಿಸಿ, ತಾನು ಬಾಯಿ ಕಟ್ಟಿಕೊಂಡಿರಬೇಕೆಂಬುದು ಯಾವ ನ್ಯಾಯ? ಗಂಡನೂ ಅತ್ತೆಮಾವಂದಿರೂ ಅದೇ ಅಡಿಗೆಯನ್ನು ಉಣ್ಣಲಿ; ಅವರಿಗೂ ಕೇಡಿಲ್ಲ. ಯುಗಾದಿಗೆ ಹೋಳಿಗೆ ಬೇಡವೆಂದು ನಾನು ಹೇಳುವುದಿಲ್ಲ. ಒಂದು ಹೋಳಿಗೆ ತಿಂದು, ಅದನ್ನೂ ಪುಸ್ತಕದಲ್ಲಿ ಬರೆದು, ಮರುದಿನ ಎಂದಿನಂತೆ ನಡೆಯಿರಿ. ಒಂದು ದಿನ ತಪ್ಪಿದ್ದಕ್ಕೆ ಹದಿನೈದು ದಿನ ಕೈಬಿಡುವುದೇ ನಿಜವಾದ ತಪ್ಪು.

ಸಂಜೆ ದೀಪ ಹಚ್ಚುವ ಮೊದಲು ಇಬ್ಬರೂ ಕೂಡಿ ಅರ್ಧ ಗಂಟೆ ನಡೆಯಿರಿ. ಕಟ್ಟೆಯ ಮೇಲೆ ಕುಳಿತವರು ನಗಬಹುದು. ಎರಡು ವಾರ ನಗುತ್ತಾರೆ. ಮೂರನೆಯ ವಾರದಲ್ಲಿ ಅವರಿಗೆ ಬೇರೆ ವಿಷಯ ಸಿಗುತ್ತದೆ. ಮಂಡಿನೋವಿದ್ದರೆ ಹತ್ತು ನಿಮಿಷದಿಂದ ಆರಂಭಿಸಿ. ಬೀಡಿ, ಹೊಗೆಸೊಪ್ಪು ಇದ್ದವರು ಈಗಲೇ ಬಿಡಬೇಕು. ಗಾಯ ಮಾಯುವುದಕ್ಕೂ ಅರಿವಳಿಕೆಯಲ್ಲಿ ಉಸಿರಾಟಕ್ಕೂ ಅದು ಅಡ್ಡಿ.

ಕೆಲವರಿಗೆ ಒಂದು ವಿಚಿತ್ರವಾದ ಭಯವಿರುತ್ತದೆ: ‘ಈಗಲೇ ತೂಕ ಇಳಿದುಬಿಟ್ಟರೆ ಮಂಜೂರಾತಿ ತಪ್ಪಿಹೋದೀತು’. ಈ ಭಯದಿಂದ ಬೇಕೆಂದೇ ತಿನ್ನುವವರೂ ಇದ್ದಾರೆ. ಇದು ಬಹಳ ಅಪಾಯಕರ. ಬೊಜ್ಜು ಹೆಚ್ಚಿದಷ್ಟೂ ಪಿತ್ತಜನಕಾಂಗ ಊದಿಕೊಂಡು ಜಠರವನ್ನು ಮುಚ್ಚುತ್ತದೆ, ಶಸ್ತ್ರವೈದ್ಯರ ಕೈಗೆ ಜಾಗ ಸಾಲದು. ಅದಕ್ಕಾಗಿಯೇ ಶಸ್ತ್ರಚಿಕಿತ್ಸೆಗೆ ಮೊದಲು ಕೆಲವು ದಿನ ಅವರೇ ಕಟ್ಟುನಿಟ್ಟಾದ ಮಿತಾಹಾರವನ್ನು ವಿಧಿಸುತ್ತಾರೆ. ಮೊದಲ ಭೇಟಿಯ ದಿನದ ಎತ್ತರ, ತೂಕ, ಸೂಚ್ಯಂಕಗಳನ್ನು ವೈದ್ಯರಿಂದ ಬರೆಯಿಸಿಟ್ಟುಕೊಳ್ಳಿ. ನಿಮ್ಮ ಸೂಚ್ಯಂಕ ಗಡಿಯ ಹತ್ತಿರವಿದ್ದರೆ, ಇಳಿದಾಗ ಏನು ಮಾಡಬೇಕೆಂಬುದನ್ನು ಅವರಲ್ಲಿಯೇ ಮುಚ್ಚುಮರೆಯಿಲ್ಲದೆ ಕೇಳಿ. ಪಥ್ಯದಿಂದಲೇ ತೂಕವೂ ಸಕ್ಕರೆಯೂ ಇಳಿದು ಶಸ್ತ್ರಚಿಕಿತ್ಸೆಯೇ ಬೇಡವಾದರೆ ಅದರಲ್ಲಿ ನಷ್ಟವೇನು?

ನಿರಾಕರಣೆಯ ಕಾಗದ ಬಂದೀತು. ಬಂದ ದಿನ ಮನಸ್ಸು ಕುಗ್ಗುವುದು ಸಹಜ. ಅಂದು ಯಾವ ತೀರ್ಮಾನವನ್ನೂ ಮಾಡಬೇಡಿ. ಮರುದಿನ ಓದಲು ಬಲ್ಲವರಿಂದ ಅದನ್ನು ಓದಿಸಿ, ಪಾಲಿಸಿಯ ಯಾವ ಷರತ್ತಿನ ಮೇರೆಗೆ ಬೇಡವೆಂದಿದ್ದಾರೆಂಬುದನ್ನು ಗುರುತಿಸಿ. ಪುರಾವೆ ಸಾಲದೆಂದಿದ್ದರೆ ಪುರಾವೆ ಕೊಟ್ಟು ಮತ್ತೆ ಕೇಳಬಹುದು. ಕಾಯುವ ಅವಧಿ ಮುಗಿದಿಲ್ಲವೆಂದಿದ್ದರೆ ಮುಗಿಯುವ ದಿನಾಂಕವನ್ನು ಬರೆದುಕೊಳ್ಳಿ. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗಳಿಗೆ ಈ ಅವಧಿಯು 2024ರಿಂದ ಹೆಚ್ಚೆಂದರೆ 36 ತಿಂಗಳು. ಸೌಂದರ್ಯಕ್ಕಾಗಿ ಎಂದಿದ್ದರೆ ಶಸ್ತ್ರವೈದ್ಯರಿಂದ ವಿವರವಾದ ಪತ್ರ ಪಡೆಯಿರಿ. ಪಾಲಿಸಿ ಮಾಡಿಸುವಾಗ ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟಿದ್ದರೆ ಮಾತ್ರ ದಾರಿ ಕಠಿಣ. ‘ಬರೆಯುವುದು ಬೇಡ ಬಿಡಿ’ ಎಂದು ಏಜೆಂಟರು ಹೇಳಿದರೂ ಬರೆಯಿಸಿರೆಂದು ಹೊಸದಾಗಿ ವಿಮೆ ಮಾಡಿಸುವವರಿಗೆ ಈ ಸಂದರ್ಭದಲ್ಲಿ ಹೇಳಿಬಿಡುತ್ತೇನೆ.

ವಿಮಾ ಸಂಸ್ಥೆಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಇಲ್ಲವೆ ಉತ್ತರ ಸರಿಯೆನಿಸದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಅವರಿಗೆ ಮನವಿ ಸಲ್ಲಿಸಬಹುದು. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ; ನಿಮ್ಮ ನೋಟುಪುಸ್ತಕವೇ ನಿಮ್ಮ ವಕೀಲ. ನಿಯಂತ್ರಣ ಪ್ರಾಧಿಕಾರದ 155255 ಎಂಬ ದೂರವಾಣಿಗೂ ದೂರು ಹೇಳಬಹುದು. ಈ ಬಾಗಿಲುಗಳನ್ನು ತಟ್ಟದೆ ಜಮೀನು ಮಾರಬೇಡಿ, ಬಡ್ಡಿಯ ಸಾಲ ಮಾಡಬೇಡಿ. ವಾರದಲ್ಲಿ ಹತ್ತು ಕಿಲೋ ಇಳಿಸುತ್ತೇವೆಂದು ಪುಡಿ ಮಾರುವವರ ಕೈಗಂತೂ ಸಿಕ್ಕಬೇಡಿ.

ಖಾಸಗಿ ವಿಮೆಯಿಲ್ಲದ ಕುಟುಂಬಗಳು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಅಥವಾ ಸಹಕಾರ ಸಂಘದ ಯಶಸ್ವಿನಿ ಕಾರ್ಡನ್ನು ಹಿಡಿದು ಮೊದಲು ಸರ್ಕಾರಿ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಲಿ. ಎಲ್ಲ ಶಸ್ತ್ರಚಿಕಿತ್ಸೆಗಳೂ ಈ ಯೋಜನೆಗಳ ಪಟ್ಟಿಯಲ್ಲಿರುವುದಿಲ್ಲವಾದ್ದರಿಂದ, ಆಸ್ಪತ್ರೆಗೆ ಸೇರುವ ಮೊದಲೇ ವಿಚಾರಿಸುವುದು ಅಗತ್ಯ. ಸಕ್ಕರೆ ಮತ್ತು ರಕ್ತದೊತ್ತಡದ ಮಾತ್ರೆಗಳನ್ನಂತೂ ಮಂಜೂರಾತಿಗಾಗಿ ಕಾಯುತ್ತಾ ಒಂದು ದಿನವೂ ನಿಲ್ಲಿಸಕೂಡದು.

ಕೊನೆಯದಾಗಿ, ದಂಪತಿಗಳು ನಾಚಿಕೆಯಿಂದ ಕೇಳದೆ ಬಿಡುವ ಒಂದು ವಿಷಯ. ಬೊಜ್ಜಿನಿಂದ ಮುಟ್ಟು ಏರುಪೇರಾಗಿ, ‘ನನಗಿನ್ನು ಗರ್ಭ ನಿಲ್ಲುವುದಿಲ್ಲ’ ಎಂದುಕೊಂಡಿರುವ ಸ್ತ್ರೀಯರು ಅನೇಕರು. ತೂಕ ಇಳಿಯುತ್ತಾ ಬಂದಂತೆ ಮುಟ್ಟು ಸರಿಹೋಗಿ, ನಿರೀಕ್ಷಿಸದಷ್ಟು ಬೇಗ ಗರ್ಭ ನಿಲ್ಲಬಹುದು. ಕಾಯುವ ಅವಧಿಯಲ್ಲಿ ಗರ್ಭಿಣಿಯಾದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕಾಗುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೆ ದೇಹವು ವೇಗವಾಗಿ ಕರಗುವಾಗ ಕಬ್ಬಿಣಾಂಶವೂ ಜೀವಸತ್ವಗಳೂ ಕಡಿಮೆಯಾಗುವುದರಿಂದ, 12ರಿಂದ 18 ತಿಂಗಳು ಗರ್ಭ ಧರಿಸದಿರುವುದು ತಾಯಿಗೂ ಮಗುವಿಗೂ ಕ್ಷೇಮ. ಆಹಾರದ ದಾರಿಯನ್ನು ಬದಲಿಸುವ ವಿಧಾನದಲ್ಲಿ, ನುಂಗುವ ಮಾತ್ರೆಗಳು ಸರಿಯಾಗಿ ಮೈಗೆ ಹತ್ತದೆ ಹೋಗಬಹುದು. ಆದ್ದರಿಂದ ಕಾಪರ್-ಟಿ ಹೆಚ್ಚು ಭರವಸೆಯದು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಅಳವಡಿಸುತ್ತಾರೆ. ಸಂತಾನ ಸಾಕೆಂದು ಇಬ್ಬರೂ ತೀರ್ಮಾನಿಸಿದ್ದರೆ, ಹೆಂಡತಿಗೆ ಎರಡನೆಯ ಶಸ್ತ್ರಚಿಕಿತ್ಸೆಯ ಹೊರೆಯನ್ನು ಹೊರಿಸದೆ, ಗಂಡನೇ ಮುಂದೆ ಬಂದು ಹೊಲಿಗೆಯಿಲ್ಲದ ಪುರುಷ ಸಂತಾನ ನಿರೋಧ ಚಿಕಿತ್ಸೆಯನ್ನು ಮಾಡಿಸಿಕೊಳ್ಳಬಹುದು. ಅಂದೇ ಮನೆಗೆ ಹಿಂದಿರುಗಬಹುದು. ಮುಂದಿನ ವಾರ ತೂಕ ನೋಡಿಸಲು ಉಪಕೇಂದ್ರಕ್ಕೆ ಹೋದಾಗ ಈ ವಿಚಾರವನ್ನೂ ಅಲ್ಲಿಯ ಆರೋಗ್ಯ ಕಾರ್ಯಕರ್ತೆಯಲ್ಲಿ ಇಬ್ಬರೂ ಕೂಡಿ ಕೇಳಿರಿ.