ಹಿಮ್ಮಡಿಗೆ ಹಚ್ಚುವ ನೆಣ: ಒಂದು ಭರಣಿಯ ಲೆಕ್ಕ

(ಸಿಯಾಟಲ್ ಪರಿಸರದಲ್ಲಿರುವ ನಮ್ಮೂರ ಕುಟುಂಬಗಳ ಚಳಿಗಾಲದ ಕೂಟದಲ್ಲಿ ಮಾಡಿದ ಮಾತಿನ ಬರಹರೂಪ)

 

ನನ್ನನ್ನು ಇಲ್ಲಿ ನಿಲ್ಲಿಸಿದ್ದು ತೆರಿಗೆ ಬಗ್ಗೆ ಮಾತಾಡಲಿಕ್ಕೆ. ಆದರೆ ಕಳೆದ ಎರಡು ಕೂಟಗಳಲ್ಲಿ ನನಗೆ ತೆರಿಗೆಗಿಂತ ಹೆಚ್ಚು ಕೇಳಿದ ಪ್ರಶ್ನೆ ಬೇರೆಯೇ. "ಆ ದನದ ಕೊಬ್ಬಿನ ಕ್ರೀಮು ತಂದಿದ್ದಿರಲ್ಲ, ಒಳ್ಳೆಯದುಂಟಾ?" ಎಂದು. ತಂದದ್ದು ಹೌದು. ಹಾಗಾಗಿ ತೆರಿಗೆ ಕೊನೆಯಲ್ಲಿ ಸ್ವಲ್ಪ ಬರುತ್ತದೆ, ಮೊದಲು ಕೊಬ್ಬು.

ಕಳೆದ ವರ್ಷ ಚಳಿಗಾಲಕ್ಕೆ ಉಮ್ಮ ನಮ್ಮ ಮನೆಗೆ ಬಂದಿದ್ದರು. ಇಲ್ಲಿ ಹೊರಗೆ ಅಕ್ಟೋಬರಿನಿಂದ ಮಳೆಯೇ ಮಳೆ, ಒಳಗೆ ಹೀಟರ್ ಗಾಳಿ ಮಾತ್ರ ಒಣಗಿದ ಮೆಣಸಿನ ಹಾಗೆ. ಗಲ್ಫಿನಲ್ಲಿ ದಿನವಿಡೀ ಏಸಿಯಲ್ಲಿ ಕೂತವರಿಗೂ ಇದು ಗೊತ್ತಿರುತ್ತದೆ. ಎರಡೇ ವಾರದಲ್ಲಿ ಉಮ್ಮನ ಹಿಮ್ಮಡಿ ಒಡೆಯಿತು. ಊರಿಂದ ತಂದ ತೆಂಗಿನೆಣ್ಣೆ ಬಾಟ್ಲಿಯಲ್ಲೇ ಕಲ್ಲಾಗಿತ್ತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ನಮ್ಮ ಮನೆಯೊಳಗೆ ಅಷ್ಟು ಬಿಸಿ ಇಡುವವರು ಯಾರು? ಶನಿವಾರದ ರೈತರ ಸಂತೆಯಲ್ಲಿ ಚಂದದ ಗಾಜಿನ ಭರಣಿ ಕಂಡಿತು. ಹುಲ್ಲು ತಿಂದ ದನದ ಟ್ಯಾಲೋ, ಲ್ಯಾವೆಂಡರ್ ಪರಿಮಳ, ಎರಡು ಔನ್ಸಿಗೆ 28 ಡಾಲರ್. ತಂದೆ.

ಉಮ್ಮ ಮೂಸಿ ನೋಡಿ ಕೇಳಿದ್ದು ಒಂದೇ ಮಾತು: "ಮೋನೇ, ಇದು ದನದ್ದು ಅಂತೀಯಲ್ಲ, ಕೊಯ್ದದ್ದು ಯಾರು?"

ಇಪ್ಪತ್ತು ವರ್ಷದಿಂದ ಜನರ ವೋಚರ್ ನೋಡುವ ಕೆಲಸ ನನ್ನದು. ಈ ಒಂದು ವೋಚರ್ ನೋಡದೆ ಸೈನ್ ಹಾಕಿದ್ದೆ. ಅಲ್ಲಿಂದ ಶುರುವಾಯಿತು ನನ್ನ ವಿಚಾರಣೆ.

ಟ್ಯಾಲೋ ಎಂದರೆ ಹೊಸ ವಸ್ತು ಏನಲ್ಲ. ನಮ್ಮ ಭಾಷೆಯಲ್ಲಿ ನೆಣ. ದನ ಅಥವಾ ಕುರಿಯ ಕೊಬ್ಬನ್ನು, ಅದರಲ್ಲೂ ಮೂತ್ರಪಿಂಡದ ಸುತ್ತ ಇರುವ ಗಟ್ಟಿ ಕೊಬ್ಬನ್ನು, ಸಣ್ಣ ಉರಿಯಲ್ಲಿ ಕರಗಿಸಿ ಸೋಸಿದರೆ ಸಿಗುವುದು ಅದೇ. ಹಂದಿಯ ಕೊಬ್ಬಿಗೆ ಇಲ್ಲಿ ಲಾರ್ಡ್ ಅಂತ ಬೇರೆ ಹೆಸರು, ಅದನ್ನು ನೆನಪಿಡಿ. ಎರಡು ಸಾವಿರ ವರ್ಷದ ಹಿಂದೆ ರೋಮಿನ ಪ್ಲಿನಿ ಸಾಬೂನಿನ ಬಗ್ಗೆ ಬರೆಯುವಾಗ, ಗಾಲ್ ಜನರು ನೆಣ ಮತ್ತು ಬೂದಿಯಿಂದ ಅದನ್ನು ಮಾಡಿ ಕೂದಲು ಕೆಂಪಗೆ ಮಾಡಲಿಕ್ಕೆ ಬಳಸುತ್ತಾರೆ ಎಂದಿದ್ದಾನೆ. ನಮ್ಮ ಚರ್ಮದಿಂದ ಒಸರುವ ಜಿಡ್ಡಿಗೆ ವೈದ್ಯರು ಸೀಬಮ್ ಅನ್ನುತ್ತಾರಲ್ಲ, ಅದು ಲ್ಯಾಟಿನ್ ಶಬ್ದ; ಅರ್ಥ ನೆಣ ಎಂದೇ. ಈಗಿನ ಮಾರಾಟಗಾರರು ಈ ಹೆಸರನ್ನು ಹಿಡಿದುಕೊಂಡೇ ಅರ್ಧ ವ್ಯಾಪಾರ ಮಾಡುತ್ತಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾವಿರುವ ಈ ಪ್ಯೂಜೆಟ್ ಸೌಂಡ್ ತೀರಕ್ಕೂ ನೆಣಕ್ಕೂ ಹಳೆಯ ನಂಟುಂಟು. ಹಡ್ಸನ್ಸ್ ಬೇ ಕಂಪೆನಿ 1833ರಲ್ಲಿ ಈಗಿನ ಡ್ಯೂಪಾಂಟ್ ಊರಿನ ಹತ್ತಿರ ನಿಸ್ಕ್ವಾಲಿ ಕೋಟೆ ಕಟ್ಟಿತು. ಕೆಲವು ವರ್ಷದಲ್ಲಿ ಅಲ್ಲಿ ದನ, ಕುರಿ ಸಾಕಲಿಕ್ಕೆ ಬೇರೆಯೇ ಒಂದು ಕಂಪೆನಿ ಮಾಡಿದರು. ಉಣ್ಣೆ, ತೊಗಲು, ನೆಣ ಇಂಗ್ಲೆಂಡಿಗೆ ಕಳಿಸಬೇಕು ಎಂಬುದು ಅವರ ಯೋಜನೆ. ಆಗ ಫ್ರಿಜ್ ಇಲ್ಲ. ಮಾಂಸ ಹಡಗಿನಲ್ಲಿ ಕೊಳೆಯುತ್ತದೆ, ತೊಗಲು ಮತ್ತು ನೆಣ ಕೊಳೆಯುವುದಿಲ್ಲ. ಕ್ಯಾಲಿಫೋರ್ನಿಯಾ ಮೆಕ್ಸಿಕೋದ ಕೈಯಲ್ಲಿದ್ದ ಕಾಲದಲ್ಲೂ ಅಲ್ಲಿಯ ದೊಡ್ಡ ವ್ಯಾಪಾರ ಇದೇ. ಆ ನೆಣ ಹೋದದ್ದು ಮೇಣದ ಬತ್ತಿಗೆ, ಸಾಬೂನಿಗೆ. ನಿಸ್ಕ್ವಾಲಿ ಕೋಟೆಯನ್ನು ಈಗ ಟಕೋಮಾದ ಪಾಯಿಂಟ್ ಡಿಫಯನ್ಸ್ ಪಾರ್ಕಿನಲ್ಲಿ ಪುನಃ ಕಟ್ಟಿಟ್ಟಿದ್ದಾರೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಸಿಯಾಟಲ್ ಪೇಟೆಯ ಫ್ರೈ ಕಲಾ ಸಂಗ್ರಹಾಲಯಕ್ಕೆ ಟಿಕೆಟ್ ಇಲ್ಲದೆ ಹೋಗಿ ಬರುತ್ತೇವಲ್ಲ, ಅದು ಕೂಡ ಮಾಂಸದ ಕಾರ್ಖಾನೆಯ ದುಡ್ಡಿನಿಂದ ಆದದ್ದು. 1943ರಲ್ಲಿ ಬೋಯಿಂಗಿನ ಪರೀಕ್ಷಾ ವಿಮಾನವೊಂದು ಬಿದ್ದದ್ದು ಅದೇ ಫ್ರೈ ಕಾರ್ಖಾನೆಯ ಮೇಲೆ. ಅಲ್ಲಿ ಹಂದಿಯನ್ನೂ ಕಡಿಯುತ್ತಿದ್ದರು. ಒಂದೇ ಸೂರಿನಡಿ ಎರಡೂ ನಡೆಯುವ ಕಡೆ ಕೊಬ್ಬು ಎಲ್ಲಿಂದ ಬಂತು ಎಂದು ಕೇಳುವುದು ಅತಿಯಲ್ಲ ಅಂತ ನನಗನಿಸಿದ್ದು ಇದರಿಂದಲೇ.

ಚರ್ಮದ ಮದ್ದಿನಿಂದ ನೆಣ ಹಿಂದೆ ಸರಿದದ್ದು ಯಾಕೆ? ವಾಸನೆ, ಮತ್ತೆ ಹಳತಾದರೆ ಮುಗ್ಗಲು. 1872ರಲ್ಲಿ ಚೀಸ್‌ಬ್ರೋ ಎಂಬವ ಕಲ್ಲೆಣ್ಣೆಯ ಗಸಿಯಿಂದ ಮಾಡಿದ ವ್ಯಾಸಲೀನಿಗೆ ಪೇಟೆಂಟ್ ಪಡೆದ. ಅಗ್ಗ, ವಾಸನೆ ಇಲ್ಲ, ಕೆಡುವುದಿಲ್ಲ. ನೆಣ ಸಾಬೂನಿನಲ್ಲಿ ಮಾತ್ರ ಉಳಿಯಿತು. ಈಗ ಅದು ವಾಪಸು ಬಂದದ್ದು ಒಂದು ಅಲೆಯ ಮೇಲೆ: 'ರಾಸಾಯನಿಕ ಬೇಡ, ಅಜ್ಜಿಯ ಕಾಲದ್ದು ಬೇಕು' ಎಂಬ ಅಲೆ. ಹೋಟೆಲಿನವರು ಕೂಡ ಆಲೂಗಡ್ಡೆಯನ್ನು ಪುನಃ ದನದ ಕೊಬ್ಬಿನಲ್ಲಿ ಕರಿಯುತ್ತೇವೆ ಎಂದು ಬೋರ್ಡು ಹಾಕುವ ಕಾಲ ಇದು.

ಕೆಲಸ ಮಾಡುತ್ತದಾ? ಮಾಡುತ್ತದೆ. ಒಣ ಚರ್ಮದಿಂದ ನೀರು ಆರಿಹೋಗುತ್ತಾ ಇರುತ್ತದೆ. ಮೇಲೆ ಜಿಡ್ಡಿನ ಪದರ ಕೂತರೆ ಆರುವುದು ಕಡಿಮೆಯಾಗುತ್ತದೆ. ಟ್ಯಾಲೋದ ಮುಖ್ಯ ಉಪಕಾರ ಇದೇ. ಸ್ನಾನವಾದ ಕೂಡಲೇ, ಚರ್ಮ ಇನ್ನೂ ಪಸೆ ಇರುವಾಗ ತೆಳ್ಳಗೆ ಹಚ್ಚಿದರೆ ಕೈ, ಮೊಣಕೈ, ಹಿಮ್ಮಡಿ ಮೆತ್ತಗಾಗುತ್ತವೆ. ಆದರೆ ವ್ಯಾಸಲೀನೂ ಇದನ್ನೇ ಮಾಡುತ್ತದೆ, ನೀರು ತಡೆಯುವುದರಲ್ಲಿ ಇನ್ನೂ ಗಟ್ಟಿ.

'ನಮ್ಮ ಚರ್ಮದ ಜಿಡ್ಡಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ' ಎಂದು ಲೇಬಲಿನಲ್ಲಿ ಬರೆದಿರುತ್ತಾರೆ. ಅದು ಪೂರ್ತಿ ಸರಿಯಲ್ಲ. ದನದ ನೆಣದಲ್ಲಿ ನೂರಕ್ಕೆ 40ರ ಮೇಲೆ ಒಲೀಕ್ ಆಮ್ಲ, ಸುಮಾರು 25 ಪಾಲ್ಮಿಟಿಕ್, 20ರ ಆಸುಪಾಸು ಸ್ಟಿಯರಿಕ್. ಇವು ನಮ್ಮ ಚರ್ಮಕ್ಕೆ ಅಪರಿಚಿತವಲ್ಲ, ಒಪ್ಪೋಣ. ಆದರೆ ಮನುಷ್ಯನ ಸೀಬಮ್ಮಿನಲ್ಲಿ ಸುಮಾರು ಕಾಲುಭಾಗ ಮೇಣದ ಜಾತಿಯದ್ದು, ಎಂಟರಲ್ಲೊಂದು ಪಾಲು ಸ್ಕ್ವಾಲೀನ್. ನೆಣದಲ್ಲಿ ಈ ಎರಡೂ ಇಲ್ಲವೆಂದೇ ಹೇಳಬೇಕು. ಎ, ಡಿ, ಇ, ಕೆ ವಿಟಮಿನ್ ಎನ್ನುತ್ತಾರೆ. ಇದ್ದರೂ ಅತಿ ಸ್ವಲ್ಪ. ಮೊಡವೆ ಇರುವ ಮಕ್ಕಳು ಮುಖಕ್ಕೆ ಹಚ್ಚಬಾರದು, ರಂಧ್ರ ಕಟ್ಟಿ ಹೆಚ್ಚಾಗಬಹುದು. ಬಿಸಿಲು ತಡೆಯುತ್ತದೆ ಎಂಬುದನ್ನು ನಂಬಬೇಡಿ. ಲ್ಯಾವೆಂಡರಿನಂಥ ಪರಿಮಳದ ಎಣ್ಣೆಯೇ ಕೆಲವರಿಗೆ ತುರಿಕೆ ತರುತ್ತದೆ. ಇಸುಬು ವಾಸಿಯಾಗುತ್ತದೆ ಎಂದು ಹೇಳಿ ಮಾರಿದರೆ ಅಮೆರಿಕದ ಕಾನೂನಿನಲ್ಲಿ ಅದು ಕ್ರೀಮು ಅಲ್ಲ, ಮದ್ದು. ಮದ್ದಿಗೆ ಮದ್ದಿನ ಪುರಾವೆ ಬೇಕು. ಸಾಮಾನ್ಯ ಕ್ರೀಮನ್ನು ಪೇಟೆಗೆ ಬರುವ ಮೊದಲು ಎಫ್‌ಡಿಎ ಪರೀಕ್ಷಿಸಿ ಒಪ್ಪುವ ಪದ್ಧತಿ ಇಲ್ಲಿಲ್ಲ, ಅದೂ ತಿಳಿದಿರಲಿ.

ಒಂದು ವಾರ ಹಚ್ಚಿದ ಮೇಲೆ ಉಮ್ಮನ ಬಲಗಾಲು ಮೆತ್ತಗಾಯಿತು. ಎಡಗಾಲಿನ ಒಂದು ಒಡಕು ಮಾತ್ರ ಹಾಗೇ. ನೋವಿಲ್ಲ ಎಂದರು, ನಾನೂ ಸುಮ್ಮನಾದೆ. ಉಮ್ಮನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ನೋವಿಲ್ಲದಿರುವುದೇ ಅಪಾಯದ ಲಕ್ಷಣ ಅಂತ ಹೊಳೆದದ್ದು ನನ್ನ ಹೆಂಡತಿಗೆ. ಟಾರ್ಚ್ ಹಿಡಿದು ನೋಡಿದರೆ ಕೊಬ್ಬಿನ ಪದರದಡಿ ಕೀವು. ಸಮಯಕ್ಕೆ ಸರಿಯಾಗಿ ಕ್ಲಿನಿಕ್ಕಿಗೆ ಹೋದೆವು, ಅಲ್‌ಹಮ್ದುಲಿಲ್ಲಾಹ್, ಗುಣವಾಯಿತು. ನಮ್ಮ ಕಡೆ ಸಕ್ಕರೆ ಇಲ್ಲದ ಮನೆ ಕಡಿಮೆ. ಸಕ್ಕರೆ ಇರುವವರ ಕಾಲನ್ನು ದಿನಾ ನೋಡಬೇಕು, ಬೆರಳ ಸಂದಿಗೆ ಯಾವ ಜಿಡ್ಡೂ ಹಚ್ಚಬಾರದು, ಒಡಕಿನಲ್ಲಿ ರಕ್ತವೋ ಕೀವೋ ಕಂಡರೆ ಟ್ಯಾಲೋ ಅಲ್ಲ, ಡಾಕ್ಟರು. ಗಲ್ಫಿನಲ್ಲಿ ಸಿಮೆಂಟಿನ ಕೆಲಸ ಮಾಡುವ ತಮ್ಮಂದಿರಿಗೂ ಇದೇ ಮಾತು. ಸಿಮೆಂಟಿನಿಂದ ಕೈ ಸುಟ್ಟ ಹಾಗಾಗಿ ಬಿರಿಯುವುದು ಬರೀ ಒಣಗಿದ್ದಲ್ಲ. ಕ್ಷಾರ ಸುಡುತ್ತದೆ, ಅದರಲ್ಲಿರುವ ಕ್ರೋಮಿಯಂ ಅಲರ್ಜಿ ತರುತ್ತದೆ. ಕೊಬ್ಬು ಹಚ್ಚಿ ಪುನಃ ಅದೇ ಸಿಮೆಂಟಿಗೆ ಕೈ ಹಾಕಿದರೆ ಏನೂ ಉಪಯೋಗವಿಲ್ಲ. ಗ್ಲೌಸ್ ಬೇಕು, ಕ್ಯಾಂಪ್ ಡಾಕ್ಟರ ಚೀಟಿ ಬೇಕು.

ಇನ್ನು ಉಮ್ಮನ ಪ್ರಶ್ನೆ. ನಾನು ಆಲಿಂ ಅಲ್ಲ, ಬಿಕಾಂ ಮಾಡಿದವ. ಉಸ್ತಾದರಲ್ಲಿ ಕೇಳಿ ತಿಳಿದದ್ದನ್ನು ಹೇಳುತ್ತೇನೆ, ನೀವೂ ನಿಮ್ಮ ಉಸ್ತಾದರಲ್ಲಿ ಕೇಳಿ. ಆಶ್ಚರ್ಯ ಏನೆಂದರೆ ಇದೇ ಪ್ರಶ್ನೆಯನ್ನು ಸಹಾಬಿಗಳು ಕೇಳಿದ್ದಾರೆ. ಮಕ್ಕಾ ವಿಜಯದ ವರ್ಷ ಪ್ರವಾದಿಯವರು (ಸ.ಅ) ಸತ್ತ ಪ್ರಾಣಿಯ ಮಾರಾಟ ಹರಾಮ್ ಎಂದಾಗ, ಅದರ ಕೊಬ್ಬನ್ನು ಹಡಗಿಗೆ ಬಳಿಯುತ್ತಾರೆ, ತೊಗಲಿಗೆ ಹಚ್ಚುತ್ತಾರೆ, ದೀಪ ಉರಿಸುತ್ತಾರಲ್ಲ ಎಂದು ಕೇಳಿದರು. ಇಲ್ಲ, ಅದು ಹರಾಮ್ ಎಂಬ ಉತ್ತರ ಬಂತು. ಜಾಬಿರ್ (ರ.ಅ) ಅವರ ಈ ವರದಿ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ನಮ್ಮ ಶಾಫಿಈ ಮದ್‌ಹಬಿನ ಇಮಾಂ ನವವಿ ವಿವರಿಸಿದ ಪ್ರಕಾರ ನಿಷೇಧ ಮಾರಾಟಕ್ಕೆ. ಹಡಗು, ದೀಪದಂಥ ಬಳಕೆಗೆ ಅವಕಾಶ ಉಂಟು, ತಿನ್ನಲಿಕ್ಕೆ ಮತ್ತು ಮನುಷ್ಯನ ಮೈಗೆ ಇಲ್ಲ. ಅಂದರೆ ಝಬಹ್ ಆಗದ ದನದ ಕೊಬ್ಬಿನ ಕ್ರೀಮು ಮೈಗೆ ಸಲ್ಲದು. ಸಾಬೂನಿನ ಲೇಬಲಿನಲ್ಲಿ 'ಸೋಡಿಯಂ ಟ್ಯಾಲೋವೇಟ್' ಎಂದಿದ್ದರೆ ಅದೂ ನೆಣದಿಂದಲೇ. ಅಲ್ಲಿ ಕ್ಷಾರ ಸೇರಿ ವಸ್ತುವೇ ಬದಲಾಗುತ್ತದೆ ಎಂದು ಹನಫಿ ವಿದ್ವಾಂಸರು ರಿಯಾಯಿತಿ ಕೊಡುತ್ತಾರೆ, ಶಾಫಿಈಯಲ್ಲಿ ಆ ವಾದ ಅಷ್ಟು ಸುಲಭವಿಲ್ಲ. ಆದರೆ ಕ್ರೀಮಿನಲ್ಲಿ ಏನೂ ಬದಲಾಗಿಲ್ಲ. ಕೊಬ್ಬು ಕೊಬ್ಬಾಗಿಯೇ ಉಂಟು.

ವುಳೂವಿನ ಮಾತೂ ಉಂಟು. ಬರೀ ಎಣ್ಣೆಯ ಪಸೆ ಇದ್ದು ನೀರು ಚರ್ಮದ ಮೇಲೆ ಹರಿದರೆ ತೊಂದರೆ ಇಲ್ಲ. ಆದರೆ ಟ್ಯಾಲೋ ಕರಗಲಿಕ್ಕೆ 40 ಡಿಗ್ರಿ ಬೇಕು, ಚಳಿಯಲ್ಲಿ ಒಡಕಿನೊಳಗೆ ಮೇಣದ ಹಾಗೆ ಕೂರುತ್ತದೆ. ಅಂಥದ್ದನ್ನು ತೆಗೆದು ನೀರು ತಲುಪಿಸಬೇಕು. ಉಮ್ಮ ಇಶಾ ಆದ ಮೇಲೆ ಹಚ್ಚಿ, ಸುಬಹಿಗೆ ಬಿಸಿನೀರು ಸಾಬೂನಿನಲ್ಲಿ ತೊಳೆಯುತ್ತಿದ್ದರು.

28 ಡಾಲರಿನ ಭರಣಿ ಕಸಕ್ಕೆ ಹೋಯಿತು. ನಾನು ಹಲಾಲ್ ಅಂಗಡಿಯಿಂದ ನಾಲ್ಕು ಪೌಂಡ್ ಕೊಬ್ಬು ತಂದೆ. ಪೌಂಡಿಗೆ ಮೂರು ಡಾಲರ್, ಒಟ್ಟು 12. ಸಣ್ಣಗೆ ಕತ್ತರಿಸಿ, ಸಣ್ಣ ಉರಿಯಲ್ಲಿ ಮೂರು ಗಂಟೆ ಕರಗಿಸಿ, ಬಟ್ಟೆಯಲ್ಲಿ ಸೋಸಿದಾಗ ಸಿಕ್ಕಿದ್ದು ಹತ್ತಿರ ಹತ್ತಿರ ಮೂರು ಪೌಂಡ್, ಅಂದರೆ 48 ಔನ್ಸ್. ಔನ್ಸಿಗೆ 25 ಸೆಂಟ್. ಸಂತೆಯಲ್ಲಿ ನಾನು ಕೊಟ್ಟದ್ದು ಔನ್ಸಿಗೆ 14 ಡಾಲರ್. ಆ ಲೆಕ್ಕದಲ್ಲಿ ನನ್ನ ಪಾತ್ರೆಯಲ್ಲಿ 672 ಡಾಲರ್ ಇತ್ತು! ಮಾರುವವರ ದುಡಿಮೆ, ಭರಣಿ, ಸಂತೆಯ ಬಾಡಿಗೆ ಎಲ್ಲ ಕಳೆದರೂ ನಾವು ದುಡ್ಡು ಕೊಡುವುದು ಹೆಚ್ಚಾಗಿ ಲೇಬಲಿಗೇ. ಮನೆಯಲ್ಲಿ ಮಾಡುವವರು ಒಂದು ಗಮನಿಸಿ: ನೀರಿನ ಹನಿ ಉಳಿದರೆ ಬೂಷ್ಟು ಬರುತ್ತದೆ, ಬೆಳಕಿಗೆ ಇಟ್ಟರೆ ಮುಗ್ಗುತ್ತದೆ. ಸ್ವಲ್ಪ ಹೊರಗಿಟ್ಟು ಉಳಿದದ್ದು ಫ್ರಿಜ್ಜಿಗೆ. ಮನೆಯೆಲ್ಲ ಎರಡು ದಿನ ಬಕ್ರೀದಿನ ವಾಸನೆ ಬರುತ್ತದೆ, ಅಪಾರ್ಟ್‌ಮೆಂಟಿನಲ್ಲಿ ಇರುವವರು ಕಿಟಕಿ ತೆರೆಯಿರಿ.

ಈ ಲೆಕ್ಕ ಕೇಳಿ ಕೆಲವರ ತಲೆಯಲ್ಲಿ ವ್ಯಾಪಾರ ಓಡುತ್ತಿರಬಹುದು, ಈಗಾಗಲೇ ಇಬ್ಬರು ಸಹೋದರಿಯರು ಕೇಳಿದ್ದಾರೆ. ಇಲ್ಲಿ ತೆರಿಗೆಯ ಮಾತು ಬರುತ್ತದೆ. ಎಚ್-4 ವೀಸಾದಲ್ಲಿದ್ದು ಕೆಲಸದ ಪರವಾನಗಿ, ಅಂದರೆ ಇಎಡಿ ಕಾರ್ಡು ಇಲ್ಲದಿದ್ದರೆ, ಮನೆಯಲ್ಲಿ ಮಾಡಿ ಮಾರುವುದೂ ಕೆಲಸವೇ. ಹತ್ತು ಭರಣಿಯ ಲಾಭಕ್ಕೆ ಇಡೀ ಕುಟುಂಬದ ಗ್ರೀನ್ ಕಾರ್ಡ್ ಅರ್ಜಿಯನ್ನು ಒತ್ತೆ ಇಡಬೇಡಿ. ಪರವಾನಗಿ ಇದ್ದವರು ಮಾಡಬಹುದು, ಆದರೆ ಸ್ವಂತ ದುಡಿಮೆಯ ನಿವ್ವಳ ಆದಾಯ ವರ್ಷಕ್ಕೆ 400 ಡಾಲರ್ ಮುಟ್ಟಿದರೆ ಸ್ವಉದ್ಯೋಗ ತೆರಿಗೆಯ ಲೆಕ್ಕ ಕೊಡಬೇಕು.

ಊರಿಗೆ ಹೋಗುವವರಿಗೆ ಒಂದು ಮಾತು. ಭಾರತದ ಆಮದು ನೀತಿಯಲ್ಲಿ ಬೀಫ್ ಯಾವ ರೂಪದಲ್ಲಿದ್ದರೂ, ಅದು ಸೇರಿದ ವಸ್ತುವಾದರೂ ನಿಷಿದ್ಧ. 1983ರಲ್ಲಿ ವನಸ್ಪತಿಯಲ್ಲಿ ದನದ ಕೊಬ್ಬು ಬೆರೆಸಿದ ಗಲಾಟೆಯಾಗಿ ನೆಣದ ಆಮದು ನಿಂತದ್ದು ಹಿರಿಯರಿಗೆ ನೆನಪಿರಬಹುದು. ಊರಲ್ಲಿ ಈಗ 2020ರ ಜಾನುವಾರು ಹತ್ಯೆ ನಿಷೇಧದ ಕಾಯ್ದೆಯೂ ಉಂಟು, ಮೂರರಿಂದ ಏಳು ವರ್ಷ ಜೈಲು. ಬಜ್ಪೆಯಲ್ಲಿ ಇಳಿದು, 'ಬೀಫ್' ಎಂದು ಚಂದಕ್ಕೆ ಅಚ್ಚು ಹಾಕಿದ ಭರಣಿ ಬ್ಯಾಗಿನಿಂದ ತೆಗೆಯುವಾಗ, ಅದು ಕಾಲಿಗೆ ಹಚ್ಚುವುದು ಎಂದು ಯಾರಿಗೆ ವಿವರಿಸುತ್ತೀರಿ?

ಉಮ್ಮ ಮಾರ್ಚಿನಲ್ಲಿ ವಾಪಸು ಹೋದರು. ಬ್ಯಾಗು ಕಟ್ಟುವಾಗ ನನ್ನ ಸ್ಟೀಲ್ ಡಬ್ಬಿಯನ್ನು ಅವರೇ ತೆಗೆದು ಫ್ರಿಜ್ಜಿನಲ್ಲಿ ಇಟ್ಟರು. ಮಂಗಳೂರಿನ ಡಾಕ್ಟರು ಯೂರಿಯಾ ಇರುವ ಮುಲಾಮು ಬರೆದುಕೊಟ್ಟಿದ್ದಾರೆ, ಮದ್ದಿನಂಗಡಿಯಲ್ಲಿ ಸಿಗುತ್ತದೆ. ಸೆಕೆ ಶುರುವಾದ ಮೇಲೆ ಅದೂ ಬೇಡ, ತೆಂಗಿನೆಣ್ಣೆ ಸಾಕು ಎಂದು ಮೊನ್ನೆ ಫೋನಿನಲ್ಲಿ ಹೇಳಿದರು. ಡಬ್ಬಿಯಲ್ಲಿ ಇನ್ನೂ ಅರ್ಧ ಉಂಟು, ಕೈ ಒಡೆದವರು ಯಾರಾದರೂ ಇದ್ದರೆ ಊಟವಾದ ಮೇಲೆ ನನ್ನನ್ನು ಕಾಣಿ.